ಕಣದ ಮೇಲಿನ ಗೇಟು

ಪೀಣ್ಯದ ಮೆಟ್ರೋ ನಿಲ್ದಾಣದಲ್ಲಿ ಹೆಂಗಸರ ತಪಾಸಣೆಗೆಂದು ಪರದೆ ಕಟ್ಟಿದ ಸಣ್ಣ ಗೂಡೊಂದಿದೆ. ಹೋದ ತಿಂಗಳು ಆ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದವಳು ವಾಪಸು ಬರುವಾಗ ಅದರೊಳಕ್ಕೆ ಕಾಲಿಟ್ಟೆ. ಸಮವಸ್ತ್ರದ ಹುಡುಗಿ ಆಗಷ್ಟೇ ಸೊಪ್ಪು ಕೊಂಡು ಬಂದಿದ್ದಳೆಂದು ಕಾಣುತ್ತದೆ. ಮೂಲೆಯಲ್ಲಿದ್ದ ಅವಳ ಚೀಲದಿಂದ ಎರಡು ಕಟ್ಟು ಕೊತ್ತಂಬರಿ ಇಣುಕುತ್ತಿದ್ದವು. ಅವಳ ಅಂಗೈ ನನ್ನ ಭುಜದಿಂದ ಕೆಳಗಿಳಿಯುತ್ತಿದ್ದಂತೆ ಹಸಿ ಕೊತ್ತಂಬರಿಯ ವಾಸನೆ ಮೂಗಿಗೆ ಅಡರಿತು. ನಾನು ಪರದೆಯ ಕಂಬಿಯನ್ನು ಹಿಡಿದುಕೊಂಡೆ.

"ಮೇಡಂ, ಹುಷಾರಾಗಿದೀರಾ?" ಎಂದಳು ಹುಡುಗಿ. ಆಮೇಲೆ ಕೆಳಗೆ ನೋಡಿ ನಕ್ಕಳು. "ಅಯ್ಯೋ, ಚಪ್ಲಿ ಯಾಕೆ ಬಿಟ್ಬಂದ್ರಿ? ಇದೇನ್ ದೇವಸ್ಥಾನಾನಾ?"

ನೋಡಿದರೆ ನಿಜ. ಚಪ್ಪಲಿಯನ್ನು ಪರದೆಯ ಆಚೆಗೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದೆ. ಬಿಟ್ಟದ್ದು ನನಗೇ ತಿಳಿದಿರಲಿಲ್ಲ. ಹೆದರಿಕೆ ಎನ್ನುವುದು ತಲೆಯಿಂದ ಹೋದರೂ ಕಾಲಿನಿಂದ ಹೋಗುವುದಿಲ್ಲವೋ ಏನೋ. ನಲವತ್ತು ವರ್ಷ ಕಳೆದರೂ ನನ್ನ ಕಾಲಿಗೆ ಆ ಗೂಡು ಬೇರೆ, ಈ ಗೂಡು ಬೇರೆ ಎಂದು ಗೊತ್ತಾಗಿರಲಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ನಾನು ಅಪರಾಧಶಾಸ್ತ್ರದ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಹನ್ನೊಂದು ಜನರ ತರಗತಿಯಲ್ಲಿ ಇಬ್ಬರೇ ಹುಡುಗಿಯರು. ಇನ್ನೊಬ್ಬಳ ಮಾವ ಪೊಲೀಸಿನಲ್ಲಿದ್ದರು, ಅವಳು ಧೈರ್ಯದ ಮೇಲೆ ಬಂದವಳು. ನಾನು ಬಂದದ್ದು ಬೇರೆ ಯಾವ ವಿಷಯಕ್ಕೂ ಸೀಟು ಸಿಗದೆ. ಜಾಲಹಳ್ಳಿಯ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಪ್ಪ ಅಲ್ಲಿ ಗುಮಾಸ್ತರು. "ನಿಮ್ಮ ಮಗಳು ಕಳ್ಳರನ್ನ ಹಿಡಿಯೋ ಓದು ಓದ್ತಾಳಂತೆ?" ಎಂದು ಅಕ್ಕಪಕ್ಕದವರು ಕೇಳಿದರೆ ಅಮ್ಮ ನಗುತ್ತಿದ್ದರು. ನಾನು ಎಂಥ ಪುಕ್ಕಲಿ ಎಂದು ಅಮ್ಮನಿಗೆ ಗೊತ್ತಿತ್ತು. ಹಿತ್ತಿಲಲ್ಲಿ ಬೆಕ್ಕು ಪಾತ್ರೆ ಉರುಳಿಸಿದರೆ ಕಳ್ಳ ಬಂದನೆಂದು ಮೊದಲು ಹೊದಿಕೆ ಎಳೆದುಕೊಳ್ಳುವವಳು ನಾನೇ. ಅಪ್ಪನೂ ಅಂಥವರೇ. "ನಮಗ್ಯಾಕೆ ಊರ ಉಸಾಬರಿ" ಎನ್ನುವುದು ಅವರ ಮಂತ್ರ. ಆ ಮಂತ್ರ ಜಪಿಸುತ್ತಲೇ ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಮರುವರ್ಷ ಅವರ ನಿವೃತ್ತಿ, ಕ್ವಾರ್ಟರ್ಸು ಬಿಡಬೇಕು. ಅಷ್ಟರೊಳಗೆ ನಾನು ಪಾಸಾಗಿ ಒಂದು ಕೆಲಸ ಹಿಡಿಯಬೇಕೆನ್ನುವುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕರಾರು.

ಕೊನೆಯ ವರ್ಷದಲ್ಲಿ ನಮಗೆ ಭದ್ರತಾ ಆಡಳಿತ ಎಂಬ ವಿಷಯವಿತ್ತು. ಕಾರ್ಖಾನೆ, ಬ್ಯಾಂಕು, ಗೋದಾಮುಗಳ ಕಾವಲು ಹೇಗಿರಬೇಕೆಂದು ಓದುವುದು. ಅದರಲ್ಲಿ ಯಾವುದಾದರೂ ಒಂದು ಕಡೆ ಮೂರು ತಿಂಗಳಿದ್ದು ಕಣ್ಣಾರೆ ನೋಡಿ ಪ್ರಬಂಧ ಬರೆಯಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ. ನಮ್ಮ ಮೇಷ್ಟ್ರು ಜೈಲಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. "ಬೇಲಿ ಎಷ್ಟು ಗಟ್ಟಿ ಇದೆ ಅಂತ ಬರೀಬೇಡಿ. ಎಲ್ಲಿ ಕಂಡಿ ಬಿದ್ದಿದೆ ಅಂತ ಹುಡುಕಿ ಬರೀರಿ, ಆಗ ಅದು ಪ್ರಬಂಧ," ಎನ್ನುತ್ತಿದ್ದರು. ಅವರೇ ಪತ್ರ ಬರೆದು ನನ್ನನ್ನು ಪೀಣ್ಯದ ಒಂದು ಸ್ವಿಚ್ಚು ತಯಾರಿಸುವ ಕಾರ್ಖಾನೆಗೆ ಸೇರಿಸಿದರು.

ಜೂನ್ ಮೊದಲ ವಾರ ಹೋದೆ. ಆಗಿನ ಪೀಣ್ಯವೆಂದರೆ ಅರ್ಧ ಶೆಡ್ಡುಗಳು, ಅರ್ಧ ಖಾಲಿ ನಿವೇಶನಗಳು, ನಡುವೆ ಕೆಂಪು ಕೆಸರು. ಮುಖ್ಯರಸ್ತೆಯಲ್ಲಿ ಬಸ್ಸಿಳಿದು ನೀಲಗಿರಿ ತೋಪಿನ ಪಕ್ಕದಲ್ಲಿ ಒಂದು ಮೈಲಿ ನಡೆಯಬೇಕು. ಕಾರ್ಖಾನೆಯಲ್ಲಿ ಮುನ್ನೂರರಷ್ಟು ಹೆಂಗಸರು ಉದ್ದದ ಮೇಜುಗಳ ಮುಂದೆ ಕೂತು ಸ್ವಿಚ್ಚಿನೊಳಗೆ ಬೆಳ್ಳಿಯ ಪುಟ್ಟ ಚುಕ್ಕಿ ಕೂರಿಸುತ್ತಿದ್ದರು. ಕೊತ್ತಂಬರಿ ಬೀಜದಷ್ಟು ದಪ್ಪದ ಅಪ್ಪಟ ಬೆಳ್ಳಿ. ಹೆಂಗಸರು ಅದನ್ನು ಕಾಳು ಎನ್ನುತ್ತಿದ್ದರು. ಕಾವಲೆಲ್ಲ ಆ ಕಾಳಿಗಾಗಿಯೇ.

ಪಾಳಿ ಮುಗಿಯುವುದು ಮಧ್ಯಾಹ್ನ ಮೂರಕ್ಕೆ. ಗೇಟಿನಲ್ಲಿ ಒಂದು ಮರದ ಡಬ್ಬ. ಅದರ ಮೇಲೆ ಕೈ ಹಿಡಿಸುವಷ್ಟು ತೂತು, ಒಳಗೆ ಬಿಳಿಯ ಮತ್ತು ಕೆಂಪಿನ ಗೋಲಿಗಳು. ಹೊರಗೆ ಹೋಗುವ ಪ್ರತಿಯೊಬ್ಬರೂ ಕಣ್ಣೆತ್ತಿ ಕೈ ಹಾಕಿ ಒಂದು ಗೋಲಿ ತೆಗೆಯಬೇಕು. ಬಿಳಿ ಬಂದರೆ ಮನೆಗೆ, ಕೆಂಪು ಬಂದರೆ ತಪಾಸಣೆಗೆ. ಯಾರ ಮೇಲೂ ಬೊಟ್ಟು ಮಾಡಿದಂತಾಗಬಾರದು, ದೇವರೇ ಆರಿಸಿದಂತಾಗಬೇಕು ಎಂಬುದು ಸೆಕ್ಯೂರಿಟಿ ಆಫೀಸರ್ ಉತ್ತಯ್ಯನವರ ಲೆಕ್ಕ. ಅವರು ಸೈನ್ಯದಲ್ಲಿದ್ದವರು, ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಮೀಸೆ, ಬೂಟು ಎರಡಕ್ಕೂ ದಿನಾ ಪಾಲೀಶು. "ಈ ಡಬ್ಬದ ಮುಂದೆ ಮ್ಯಾನೇಜರೂ ಒಂದೇ, ಸ್ವೀಪರೂ ಒಂದೇ. ನೀವೂ ಕೈ ಹಾಕ್ಬೇಕು," ಎಂದು ಮೊದಲ ದಿನವೇ ಹೇಳಿದರು. ಹಾಕಿದೆ. ಬಿಳಿ ಬಂತು. ಕದ್ದವಳಲ್ಲ, ಹೊಡೆದವಳಲ್ಲ, ಆದರೂ ಗೋಲಿಯ ಬಣ್ಣ ಕಾಣುವವರೆಗೆ ನನ್ನ ಉಸಿರು ನಿಂತಿತ್ತು.

ಹೆಂಗಸರ ತಪಾಸಣೆಗೆ ಗೇಟಿನ ಪಕ್ಕದಲ್ಲಿ ಪರದೆ ಹಾಕಿದ ಕೋಣೆ, ಅದರ ಒಡತಿ ಪಿಳ್ಳಮ್ಮ. ನಲವತ್ತು ದಾಟಿದ್ದ ವಿಧವೆ. ಬೆಳಗ್ಗೆ ಐದಕ್ಕೆ ಎದ್ದು, ಉಳಿದಿದ್ದ ನಾಲ್ಕು ಮಡಿಯಲ್ಲಿ ಬೆಳೆದ ಕೊತ್ತಂಬರಿ ಕಿತ್ತು, ಕಟ್ಟು ಕಟ್ಟಿ, ಮಾರಲು ಅತ್ತೆಗೆ ಒಪ್ಪಿಸಿ ಕೆಲಸಕ್ಕೆ ಬರುತ್ತಿದ್ದಳು. ಎಷ್ಟು ಸೋಪು ಹಾಕಿದರೂ ಅವಳ ಕೈ ಕೊತ್ತಂಬರಿಯಾಗಿಯೇ ಇರುತ್ತಿತ್ತು. ಅವಳ ಕೋಣೆಯೊಳಕ್ಕೆ ನಾನು ಮೊದಲ ಸಲ ಹೆಜ್ಜೆ ಇಟ್ಟಾಗ ಅವಳು ಎದ್ದು ನಿಂತು ಅಡ್ಡಗಟ್ಟಿದಳು.

"ಚಪ್ಲಿ ಆಚೆ ಬುಡು ತಾಯಿ. ಇದು ನಮ್ ಕಣ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಆ ಕಾರ್ಖಾನೆ ನಿಂತಿದ್ದ ನೆಲ ಅವಳ ಗಂಡನ ಮನೆಯವರ ರಾಗಿ ಹೊಲವಾಗಿತ್ತು. ಸರ್ಕಾರ ತೆಗೆದುಕೊಂಡಿತು, ಕಾರ್ಖಾನೆ ಬಂತು, ಭೂಮಿ ಕೊಟ್ಟವರ ಮನೆಗೊಂದು ಕೆಲಸ ಎಂದು ಅವಳಿಗೆ ಇದು ಸಿಕ್ಕಿತು. ಗೇಟು, ತಪಾಸಣೆ ಕೋಣೆ, ಪಕ್ಕದ ಸೆಕ್ಯೂರಿಟಿ ಆಫೀಸು ಇರುವ ಜಾಗದಲ್ಲೇ ಅವರು ರಾಗಿ ಒಕ್ಕುವ ಕಣವಿತ್ತಂತೆ.

"ಅಲ್ ಬೇವಿನ್ ಮರ ಐತಲ್ಲ, ಅದ್ರಿಂದ ಇಲ್ಗಂಟ. ಮದ್ವೆಯಾಗಿ ಬಂದ ವರ್ಸ ನಾನೇ ಸಗಣಿ ಬಳ್ದಿದ್ದೀನಿ. ಕಣದಾಗೆ ಕೆರ ಮೆಟ್ಟಬಾರ್ದು, ಸುಳ್ಳಾಡಬಾರ್ದು. ರಾಶಿ ಓದ್ರೂ ಕಣ ಓಗಾಕಿಲ್ಲ ಕಣವ್ವ."

ಕಂಪನಿ ಕೊಟ್ಟ ಕರಿಯ ಬೂಟು ಹೊಸಿಲಾಚೆ ಕೂತಿರುತ್ತಿತ್ತು. ಕ್ಯಾಪ್ಟನ್ ಬಂದಾಗಲೆಲ್ಲ ಬೈಯುತ್ತಿದ್ದರು, ಅವಳು ತಲೆ ಆಡಿಸುತ್ತಿದ್ದಳು, ಬರಿಗಾಲಲ್ಲೇ ಇರುತ್ತಿದ್ದಳು. ನನಗೂ ಎರಡು ದಿನದಲ್ಲಿ ಚಪ್ಪಲಿ ಬಿಡುವುದು ಅಭ್ಯಾಸವಾಯಿತು.

ಮೂಲೆಯ ಸ್ಟೂಲಿನಲ್ಲಿ ಕೂತು ನಾನು ಬರೆದುಕೊಳ್ಳುತ್ತಿದ್ದೆ. ಕೆಂಪು ಗೋಲಿಯ ಹೆಂಗಸು ಒಳಗೆ ಬರುತ್ತಾಳೆ. ಪಿಳ್ಳಮ್ಮ "ತಪ್ ತಿಳೀಬ್ಯಾಡ ಕಣವ್ವ" ಎನ್ನುತ್ತಾಳೆ. ಊಟದ ಡಬ್ಬಿ, ಸೆರಗಿನ ಗಂಟು, ಎಲೆಅಡಿಕೆ ಚೀಲ, ಸೊಂಟ ಎಲ್ಲ ನೋಡುತ್ತಾಳೆ. ಆದರೆ ಕತ್ತಿನ ಹತ್ತಿರ ಅವಳ ಕೈ ನಿಂತುಬಿಡುತ್ತದೆ. ತಾಳಿಯನ್ನು ಮುಟ್ಟುವುದಿಲ್ಲ, ಹೂ ಮುಡಿದ ತುರುಬನ್ನು ಬಿಚ್ಚಿಸುವುದಿಲ್ಲ. ಯಾಕೆ ಎಂದು ಕೇಳಿದೆ.

"ನನ್ ಕತ್ತು ಬರಿದು. ಇನ್ನೊಬ್ರು ತಾಳಿಗೆ ಕೈ ಆಕಾಕೆ ಮನಸ್ ಬರಾಕಿಲ್ಲ. ಅವ್ರೂ ಬಾಯ್ಬುಟ್ ಏಳಾಕಿಲ್ಲ, ಒಳಗೊಳಗೇ ಎದ್ರುಕೋತಾರೆ. ಒಂಬತ್ ವರ್ಸದಿಂದ ಇಂಗೇ ನಡ್ಕೊಂಡ್ ಬಂದೈತೆ."

ಆ ಸಂಜೆ ಬಸ್ಸಿನಲ್ಲಿ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ, ಅದೇ ನಾಚಿಕೆಯ ಸಂಗತಿ. ಮೇಷ್ಟ್ರು ಹೇಳಿದ ಕಂಡಿ ಸಿಕ್ಕಿತ್ತು. ಒಂದು ತಿಂಗಳ ವರದಿಯಲ್ಲಿ ನೀಟಾಗಿ ಬರೆದೆ: ಮಾಂಗಲ್ಯ ಮತ್ತು ಕೇಶ ತಪಾಸಣೆಗೆ ಒಳಪಡುತ್ತಿಲ್ಲ, ತಪಾಸಣಾ ಸಿಬ್ಬಂದಿಯ ಮೂಢನಂಬಿಕೆಯೇ ಕಾರಣ. ವರದಿ ಹೋಗಬೇಕಾದದ್ದು ಮೇಷ್ಟ್ರಿಗೆ ಮಾತ್ರ. ನಾನು ಕಾರ್ಬನ್ ಇಟ್ಟು ಇನ್ನೊಂದು ಪ್ರತಿ ತೆಗೆದು ಕ್ಯಾಪ್ಟನ್ ಅವರ ಮೇಜಿನ ಮೇಲಿಟ್ಟೆ. ಯಾರೂ ಕೇಳಿರಲಿಲ್ಲ. ಜಾಣೆ ಎನ್ನಿಸಿಕೊಳ್ಳಬೇಕಿತ್ತು, ಕೊನೆಗೆ ಒಳ್ಳೆಯ ಸರ್ಟಿಫಿಕೇಟು ಬೇಕಿತ್ತು, ಅಷ್ಟೇ.

ಮುಂದಿನ ಸೋಮವಾರ ಗೇಟಿನಲ್ಲಿ ನೋಟೀಸು ಅಂಟಿತ್ತು. ಕೆಂಪು ಗೋಲಿ ಬಂದ ಹೆಂಗಸರು ತಾಳಿ ಬಿಚ್ಚಿ ತಟ್ಟೆಯಲ್ಲಿಡಬೇಕು, ಜಡೆ ಬಿಚ್ಚಿ ಕೊಡವಬೇಕು. ಆವತ್ತು ಮೊದಲ ಕೆಂಪು ಗೋಲಿ ಬಂದದ್ದು ಮದುವೆಯಾಗಿ ಎರಡು ತಿಂಗಳಾಗಿದ್ದ ಒಂದು ಹುಡುಗಿಗೆ. ಆಷಾಢವೆಂದು ತವರಿಗೆ ಬಂದಿದ್ದವಳು, ಅರಿಸಿನದ ದಾರ ಇನ್ನೂ ಹಸಿಹಸಿ. ಅವಳು ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತು ಅತ್ತಳು. ಹಿಂದಿದ್ದ ಹೆಂಗಸರೂ ಕೂತರು. ಮುನ್ನೂರು ಜನ, ಜಿಟಿಜಿಟಿ ಮಳೆಯಲ್ಲಿ, ಗೇಟಿಗೆ ಅಡ್ಡಲಾಗಿ. ಕೂಗಾಟವಿಲ್ಲ, ಘೋಷಣೆಯಿಲ್ಲ. ಸಂಜೆ ಆರಕ್ಕೆ ಕಂಪನಿಯವರು ನೋಟೀಸು ಹರಿದರು.

ಅಷ್ಟರಲ್ಲಿ ವರದಿಯ ಸುದ್ದಿ ಆಫೀಸಿನ ಟೈಪಿಸ್ಟನಿಂದ ಮೇಜುಗಳ ಲೈನಿಗೆಲ್ಲ ಹಬ್ಬಿತ್ತು. ಮರುದಿನ ಊಟಕ್ಕೆ ಕೂತಾಗ ನನ್ನ ಬೆಂಚಿನಲ್ಲಿದ್ದವರು ಒಬ್ಬೊಬ್ಬರೇ ಡಬ್ಬಿ ಎತ್ತಿಕೊಂಡು ಎದ್ದು ಹೋದರು. ಕೊನೆಗೆ ಉಳಿದವಳು ಸಾವಿತ್ರಿ, ಲೈನಿನಲ್ಲಿ ಎಲ್ಲರಿಗಿಂತ ಹಳಬಳು. ಅವಳು ನನ್ನ ಡಬ್ಬಿಯ ಪಕ್ಕದಲ್ಲಿದ್ದ ನೋಟ್‌ಬುಕ್ಕನ್ನು ಬೆರಳ ತುದಿಯಿಂದ ದೂರ ತಳ್ಳಿದಳು.

"ಓದಿರೋರು ನೀವು ಮೇಡಂ. ನಮ್ ಕತ್ತು ನಿಮ್ಗೆ ಪಾಠಾನಾ?" ಎಂದಳು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಹೆದರದೆ ಇದ್ದ ಗಳಿಗೆಯೇ ಇಲ್ಲ. ಮೂರು ಗಂಟೆಗೆ ಗೇಟು ದಾಟಿ ನೀಲಗಿರಿ ತೋಪಿನ ದಾರಿ ಹಿಡಿದರೆ ಹಿಂದೆ ಹತ್ತು ಹದಿನೈದು ಹೆಂಗಸರು ಬರುತ್ತಿದ್ದರು. ಅವರ ದಾರಿಯೂ ಅದೇ, ಬಸ್ಸೂ ಅದೇ. ಮೊದಲಾದರೆ ಆ ಒಂದು ಮೈಲಿ ನಗು, ಹಾಡು, ಯಾರದೋ ಅತ್ತೆಯ ಅಣಕ. ಈಗ ಚಪ್ಪಲಿಗಳ ಸದ್ದು ಮಾತ್ರ. ನಾನು ಬೇಗ ನಡೆದರೆ ಅವರೂ ಬೇಗ, ನಾನು ನಿಂತರೆ ಅವರೂ ನಿಲ್ಲುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು. ತಿರುಗಿ ನೋಡುವ ಧೈರ್ಯ ಒಂದು ದಿನವೂ ಬರಲಿಲ್ಲ. ಆಷಾಢದ ಗಾಳಿಗೆ ತೋಪು ಹುಯ್ಯೆನ್ನುತ್ತಿತ್ತು, ಒಣಗಿದ ತೊಗಟೆ ಸಿಡಿದು ಬಿದ್ದರೆ ಕಲ್ಲು ಬಿತ್ತೆಂದು ಬೆಚ್ಚುತ್ತಿದ್ದೆ. ಯಾರೂ ಕಲ್ಲು ಎಸೆಯಲಿಲ್ಲ. ಬೈಯಲೂ ಇಲ್ಲ. ಮನೆಗೆ ಹೋಗಿ ಅಮ್ಮ ಬಡಿಸಿದ್ದನ್ನು ಹೇಗೋ ನುಂಗಿ, ಕೆಲಸ ಚೆನ್ನಾಗಿ ನಡೀತಿದೆ ಎನ್ನುತ್ತಿದ್ದೆ.

ಇತ್ತ ಕಂಪನಿಗೆ ಮುಖಭಂಗವಾಗಿತ್ತಲ್ಲ, ಅದನ್ನು ಯಾರ ಮೇಲಾದರೂ ಹಾಕಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಂಬತ್ತು ವರ್ಷ ಕರ್ತವ್ಯಲೋಪ ಎಸಗಿದ್ದಾಳೆಂದು ಪಿಳ್ಳಮ್ಮನ ಮೇಲೆ ಆರೋಪಪಟ್ಟಿ ಬಂತು. ಹತ್ತು ದಿನಕ್ಕೆ ವಿಚಾರಣೆ. ಆಧಾರ, ನನ್ನ ವರದಿ. ಸಾಕ್ಷಿ, ನಾನು.

ಸಾಕ್ಷಿಗೆ ಬರಬೇಕೆಂದು ಕೊಟ್ಟ ಕಾಗದ ಹಿಡಿದು ನಾನು ಅವಳ ಕೋಣೆಯ ಹೊಸಿಲಲ್ಲಿ ನಿಂತೆ. ಕ್ಷಮಿಸಿ ಎನ್ನಬೇಕೆಂದಿದ್ದೆ. ಪಿಳ್ಳಮ್ಮ ನನ್ನ ಮುಖ ನೋಡಿ, "ಕೂತ್ಕೋ. ನೀನೇನ್ ಇಲ್ದೆ ಇರಾದ್ ಬರ್ದಿದೀಯಾ? ಇರಾದ್ನೇ ಬರ್ದಿದೀಯ," ಎಂದಳು. ಅಷ್ಟು ಹೇಳಿ ಕೆಂಪು ಗೋಲಿಯ ಮುಂದಿನ ಹೆಂಗಸನ್ನು ಒಳಕ್ಕೆ ಕರೆದಳು. ಇಬ್ಬರು ಹೆಣ್ಣುಮಕ್ಕಳು ಮತ್ತು ಅತ್ತೆ ಅವಳ ಸಂಬಳದ ಮೇಲಿದ್ದರು. ಹೊಲ ಹೋಗಿತ್ತು. ಈ ಕೆಲಸವೂ ಹೋದರೆ ಆ ಹೊಲ ಸುಮ್ಮನೆ ಹೋದಂತೆಯೇ.

ವಿಚಾರಣೆಗೆ ಮೂರು ದಿನ ಇರುವಾಗ ಗೋಲಿಯ ಡಬ್ಬದಿಂದ ನನ್ನ ಕೈಗೆ ಕೆಂಪು ಬಂತು. ಅದುವರೆಗೂ ಬಂದಿರಲಿಲ್ಲ. ಕ್ಯಾಪ್ಟನ್ ಅಲ್ಲೇ ನಿಂತಿದ್ದರು. "ಹೋಗಿ, ನಿಮ್ಮ ಸಬ್ಜೆಕ್ಟೇ ಅಲ್ವಾ!" ಎಂದು ನಕ್ಕರು. ನಾನೂ ನಕ್ಕೆ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಪಿಳ್ಳಮ್ಮ ನನ್ನ ಚೀಲ ತೆರೆದು ನೋಟ್‌ಬುಕ್ಕು ತೆಗೆದಳು, ಕೊಡೆ ತೆಗೆದಳು, ಊಟದ ಡಬ್ಬಿ ತೆಗೆದಳು. ತಳದಲ್ಲಿ ಕಾಗದದ ಒಂದು ಪುಟ್ಟ ಪೊಟ್ಟಣವಿತ್ತು. ನನ್ನದಲ್ಲ. ಅವಳು ಅದನ್ನು ಬಿಡಿಸಿದಳು.

ಒಂದು ಚಿಟಿಕೆಯಷ್ಟು ಬೆಳ್ಳಿಯ ಕಾಳು.

ಎರಡು ವರ್ಷ ಓದಿದ್ದೆಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಸಾಲುಗಟ್ಟಿತು: ಕಳ್ಳತನದ ಕಲಂ, ಮಾಲು ವಶ, ಪಂಚನಾಮೆ, ಠಾಣೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ಉತ್ತರವೇ ಈಗ ನನ್ನ ಕೈ ಹಿಡಿದು ಎಳೆಯುತ್ತಿತ್ತು. ನನ್ನದಲ್ಲ ಎನ್ನುವುದು ಸಿಕ್ಕಿಬಿದ್ದವರೆಲ್ಲ ಹೇಳುವ ಮಾತೆಂದು ಪುಸ್ತಕದಲ್ಲಿತ್ತು. ಅಪ್ಪನನ್ನು ಅವರ ಕುರ್ಚಿಯಿಂದ ಎಬ್ಬಿಸಿ ಯಾರೋ ಈ ಸುದ್ದಿ ಹೇಳುವುದು ಕಾಣಿಸಿತು. ಪರದೆಯ ಕೆಳಗೆ ಕ್ಯಾಪ್ಟನ್ ಅವರ ಬೂಟಿನ ತುದಿ ಹೊಳೆಯುತ್ತಿತ್ತು, ಎರಡೇ ಮಾರು ದೂರದಲ್ಲಿ. ನಾನು ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಕಣ್ಣೀರು ಬಂತು.

ಪಿಳ್ಳಮ್ಮ ನನ್ನನ್ನೇ ನೋಡಿದಳು. ಆಮೇಲೆ ತನ್ನ ಬರಿಗಾಲನ್ನೊಮ್ಮೆ, ಅದರ ಕೆಳಗಿನ ನೆಲವನ್ನೊಮ್ಮೆ ನೋಡಿದಳು. ಪೊಟ್ಟಣ ಮಡಿಸಿ ತನ್ನ ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. ಕೊತ್ತಂಬರಿ ವಾಸನೆಯ ಅಂಗೈಯಿಂದ ನನ್ನ ಕೆನ್ನೆ ಒರೆಸಿ, ಹೊರಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಏನೂ ಇಲ್ಲ. ಓಗವ್ವ."

ಆ ದಿನ ತೋಪಿನ ದಾರಿಯಲ್ಲಿ ನಡೆದೆನೋ ಓಡಿದೆನೋ ಗೊತ್ತಿಲ್ಲ. ಮರುದಿನ ಅವಳನ್ನು ಒಂಟಿಯಾಗಿ ಹಿಡಿದು, ಅದು ಯಾರು ಹಾಕಿದ್ದು ಎಂದು ಕೇಳಿದೆ.

"ಯಾರಾದ್ರೇನು? ನೀನು ಅವ್ರ ಕತ್ತಿಗ್ ಕೈ ಆಕ್ದೆ, ಅವ್ರು ನಿನ್ ಚೀಲಕ್ ಕೈ ಆಕುದ್ರು. ಮುಗೀತು."

"ನಾನು ತಗೊಂಡಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಒಂಬತ್ ವರ್ಸ ಮೈ ತಡವಿದೀನಿ. ಕದ್ದೋರು ನಿನ್ನಂಗೆ ನಡುಗಾಕಿಲ್ಲ ಕಣವ್ವ, ಅವ್ರು ಮಾತಾಡ್ತಾರೆ." ಕಾಳನ್ನು ಕಸದ ಡ್ರಮ್ಮಿಗೆ ಹಾಕಿದ್ದಾಗಿ ಹೇಳಿದಳು. ಅಲ್ಲಿನ ಕಸವನ್ನು ವಾರಕ್ಕೊಮ್ಮೆ ಜರಡಿ ಹಿಡಿದು ಉದುರಿದ ಬೆಳ್ಳಿ ಆರಿಸುತ್ತಿದ್ದರು. "ಅದ್ರ ಜಾಗಕ್ ಅದು ಓಯ್ತು," ಎಂದಳು.

ವಿಚಾರಣೆಯ ಹಿಂದಿನ ಸಂಜೆ ಅಪ್ಪನಿಗೆ, ನಾಳೆ ಸಾಕ್ಷಿ ಹೇಳಬೇಕಪ್ಪ ಎಂದಷ್ಟೇ ಹೇಳಿದೆ. ಅಪ್ಪ ಪತ್ರಿಕೆ ಕೆಳಗಿಟ್ಟು, "ಕೇಳಿದ್ದಕ್ಕಷ್ಟೇ ಉತ್ತರ ಕೊಡು ಪುಟ್ಟಿ. ಒಂದು ಮಾತು ಹೆಚ್ಚು ಬೇಡ," ಎಂದರು. ಜೀವನದಲ್ಲಿ ಅಪ್ಪನ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದು ಆ ಒಂದು ದಿನ.

ವಿಚಾರಣೆ ನಡೆದದ್ದು ಗೇಟಿನ ಪಕ್ಕದ ಸೆಕ್ಯೂರಿಟಿ ಆಫೀಸಿನಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಹೊರಗೆ ಮಳೆ ಹಿಡಿದಿತ್ತು. ಕಂಪನಿಯವರು ವಿಚಾರಣಾಧಿಕಾರಿಯೆಂದು ಊರೊಳಗಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಅವರ ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ, ಎದುರಿಗೆ ಕ್ಯಾಪ್ಟನ್, ಮೂಲೆಯ ಕುರ್ಚಿಯಲ್ಲಿ ನಾನು. ಪಿಳ್ಳಮ್ಮ ಬಂದಳು. ಬಾಗಿಲಾಚೆ ಚಪ್ಪಲಿ ಬಿಟ್ಟು, ಒದ್ದೆ ಕಾಲು ಒರೆಸಿಕೊಂಡು ಒಳಗೆ ಬಂದು ನಿಂತಳು. ಕೂರಲು ಹೇಳಿದರೂ ಕೂರಲಿಲ್ಲ. ಆಗ ನನಗೆ ಇದೂ ಕಣವೇ ಎಂದು ಹೊಳೆಯಿತು. ನನ್ನ ಕಾಲಲ್ಲಿ ಚಪ್ಪಲಿ ಇತ್ತು. ಕುರ್ಚಿಯ ಕೆಳಗೆ ಸದ್ದಾಗದಂತೆ ಕಳಚಿದೆ.

ಮೊದಲು ನನ್ನ ಸರದಿ. ವರದಿ ನನ್ನದೇ ಎಂದೆ. ಅದರಲ್ಲಿರುವುದು ಕಂಡದ್ದೇ ಎಂದೆ. ತಾಳಿ ಮುಟ್ಟಿದ್ದನ್ನು ನೋಡಿಲ್ಲ ಎಂದೆ. ವಕೀಲರು ಕನ್ನಡಕ ಏರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು.

"ತಪಾಸಣೆಯಲ್ಲಿ ಮಾಲು ಸಿಕ್ಕಿಯೂ ಈಕೆ ಯಾರನ್ನಾದರೂ ಬಿಟ್ಟು ಕಳಿಸಿದ್ದನ್ನ ನೀವು ನೋಡಿದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತೊಡೆಯ ಮೇಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಿತು. ಹೌದು ಎಂದರೆ ನಾನು ಹೋದೆ. ಇಲ್ಲ ಎಂದರೆ ಅವಳಿಗೂ ಒಳ್ಳೆಯದೇ ಅಲ್ಲವೆ, ಅವಳ ಮೇಲೆ ಇನ್ನೊಂದು ಆರೋಪ ಬರುವುದು ತಪ್ಪುತ್ತದೆ. ಎಷ್ಟು ಬೇಗ ನೆಪ ಸಿಕ್ಕಿತೆಂದರೆ ನನಗೇ ಆಶ್ಚರ್ಯ.

"ಇಲ್ಲ ಸಾರ್," ಎಂದೆ.

ವಕೀಲರು ಅದೇ ಪ್ರಶ್ನೆಯನ್ನು ಪಿಳ್ಳಮ್ಮನ ಕಡೆ ತಿರುಗಿಸಿದರು. ವಾಡಿಕೆಗೆ ಕೇಳಿದಂತೆ ಕೇಳಿದರು, ಇಲ್ಲ ಎನ್ನುತ್ತಾಳೆಂದು ಗುಮಾಸ್ತ ಆಗಲೇ ಬರೆಯತೊಡಗಿದ್ದ.

"ಬುಟ್ಟಿದ್ದೀನಿ ಸಾ," ಎಂದಳು ಪಿಳ್ಳಮ್ಮ. "ಒಂದ್ ದಪ."

ಕ್ಯಾಪ್ಟನ್ ನೆಟ್ಟಗೆ ಕೂತರು. ಗುಮಾಸ್ತನ ಪೆನ್ನು ನಿಂತಿತು. ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗಿ ಮಳೆಯ ಸದ್ದೂ ಕೇಳಿಸದಾಯಿತು.

"ಯಾರನ್ನ?"

"ಅದ್ನ ಏಳಾಕಿಲ್ಲ."

"ಹೇಳದಿದ್ರೆ ನಿನ್ನ ಕೆಲಸಕ್ಕೇ ಕುತ್ತು ಬರುತ್ತಮ್ಮ. ಹೆಸರು ಹೇಳು, ಇಲ್ಲೇ ಮುಗಿಸೋಣ. ನಿನಗೂ ದಾರಿ ಮಾಡ್ಕೊಡೋಣ."

"ಬುಟ್ಟಿದ್ ನಾನು. ನನ್ ತಪ್ ಬರ್ಕಳಿ. ಎಸ್ರು ಏಳಾಕಿಲ್ಲ."

ವಕೀಲರು ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ. ಅವಳು ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡುತ್ತಾಳೆ, ಈಗ ನೋಡುತ್ತಾಳೆ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಎದ್ದು ನಿಂತು ನಾನೇ ಎನ್ನಲು ನನಗೆ ಮೂರು ಅವಕಾಶ ಸಿಕ್ಕಿದ್ದವು. ಎರಡಕ್ಷರದ ಮಾತು. ನಾನು ಕುರ್ಚಿಯ ಕೆಳಗಿದ್ದ ಚಪ್ಪಲಿಯನ್ನು ಕಾಲಿನಿಂದ ಹುಡುಕುತ್ತಿದ್ದೆ. ಯಾಕೆಂದರೆ ವಿಚಾರಣೆ ಮುಗಿದ ತಕ್ಷಣ ಹೊರಗೆ ಓಡಬೇಕಿತ್ತು. ಹೇಳಿಕೆಯಲ್ಲಿ ಹೆಸರಿಗೆಂದು ಬಿಟ್ಟಿದ್ದ ಜಾಗದಲ್ಲಿ ಗುಮಾಸ್ತ ಒಂದು ಅಡ್ಡಗೆರೆ ಎಳೆದ. ಅದನ್ನು ನಾನು ಕಂಡೆ, ಕಂಡು ನಿಟ್ಟುಸಿರು ಬಿಟ್ಟೆ.

ತಾಳಿಯ ವಿಷಯಕ್ಕೆ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತೇನೋ. ಕಳ್ಳಮಾಲು ಬಿಟ್ಟೆ ಎಂದು ತಾನೇ ಒಪ್ಪಿಕೊಂಡವಳನ್ನು ಬಿಡುವುದು ಹೇಗೆ? ಆಗಸ್ಟ್ ಮೊದಲ ವಾರ ಅವಳನ್ನು ಕೆಲಸದಿಂದ ತೆಗೆದರು. ಆ ದಿನ ಕಂಪನಿಯ ಬೂಟನ್ನು ಹಿಂತಿರುಗಿಸಿ, ಕೋಣೆಯ ಹೊಸಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಪಿಳ್ಳಮ್ಮ ಗೇಟು ದಾಟಿದಳು. ಲೈನಿನ ಹೆಂಗಸರು ಕಿಟಕಿಗಳಲ್ಲಿ ನಿಂತಿದ್ದರು. ಸಾವಿತ್ರಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಪೊಟ್ಟಣ ಹಾಕಿದ ಕೈ ಯಾರದೆಂದು ಆಗ ನನಗೆ ಹೊಳೆದಂತಾಯಿತು, ಸರಿಯೋ ತಪ್ಪೋ ಗೊತ್ತಿಲ್ಲ. ನಾವಿಬ್ಬರೂ ಬಾಯಿಬಿಡಲಿಲ್ಲ ಎನ್ನುವುದಂತೂ ನಿಜ.

ನಾನು ತೋಪಿನ ಹತ್ತಿರ ಓಡಿ ಅವಳನ್ನು ಹಿಡಿದೆ. ಮಳೆ ಬಿಟ್ಟಿತ್ತು, ಬಿಸಿಲು ಬಂದಿತ್ತು. ಏದುಸಿರಲ್ಲಿ ಕೇಳಿದೆ.

"ಇಲ್ಲ ಅಂದಿದ್ರೆ ಆಗ್ತಿತ್ತಲ್ಲಮ್ಮ. ಯಾಕೆ ಒಪ್ಕೊಂಡ್ರಿ?"

"ಕಣದಾಗೆ ಒಂದ್ ಸುಳ್ಳಾಡಿದ್ದೆ ತಾಯಿ, ನಿನ್ ಮಕ ನೋಡಿ. ಅದ್ಕೇ ವಾರದಿಂದ ಅನ್ನ ಸೇರಿಲ್ಲ. ಇನ್ನೊಂದ್ ಆಡಾಕ್ ಆಗ್ಲಿಲ್ಲ."

"ಹಾಗಾದ್ರೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

ಪಿಳ್ಳಮ್ಮ ನಿಂತಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಅರ್ಥವಾಗದವಳಂತೆ ನನ್ನನ್ನು ನೋಡಿದಳು.

"ನಿನ್ನೆಸ್ರು ಏಳ್ಬೇಕಾದೋಳು ನಾನಾ?"

ಅಷ್ಟೇ. ತೋಪಿನ ಪಕ್ಕದ ಕಾಲುದಾರಿಯಲ್ಲಿ ಇಳಿದು ಊರ ಕಡೆ ಹೋದಳು. ಆಮೇಲೆ ಅವಳನ್ನು ನಾನು ಕಾಣಲಿಲ್ಲ. ಕಾಣಲು ಹೋಗಲಿಲ್ಲ ಎನ್ನುವುದು ಸರಿಯಾದ ಮಾತು. ಪೀಣ್ಯದ ಬಸ್ಸು ಹತ್ತಿದರೆ ಸಾಕು ಬಾಯಿ ಒಣಗುತ್ತಿತ್ತು.

ಪ್ರಬಂಧಕ್ಕೆ ಮೊದಲ ದರ್ಜೆ ಬಂತು. ಕಂಡಿ ಹುಡುಕಿದ್ದಕ್ಕೆ ಮೇಷ್ಟ್ರು ಬೆನ್ನು ತಟ್ಟಿದರು. ಅದರ ಕೊನೆಯ ಅಧ್ಯಾಯದಲ್ಲಿ ನಾನೇ ಬರೆದ ಒಂದು ಸಾಲಿದೆ: ಅಧ್ಯಯನದ ಅವಧಿಯಲ್ಲಿ ತಪಾಸಣೆಯಲ್ಲಿ ಸಿಕ್ಕಿಬಿದ್ದವರು ಯಾರೂ ಇಲ್ಲ. ಆಮೇಲೆ ಮೂವತ್ತು ವರ್ಷ ಇದೇ ವಿಷಯ ಪಾಠ ಮಾಡಿದೆ. ಗೋಲಿಯ ಡಬ್ಬದ ಕಥೆಯನ್ನು ಪ್ರತಿ ವರ್ಷ ಹೇಳುತ್ತಿದ್ದೆ, ಹುಡುಗರು ನಗುತ್ತಿದ್ದರು. ಕೆಂಪು ಗೋಲಿ ನನ್ನ ಕೈಗೆ ಬಂದದ್ದನ್ನು ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ನನ್ನ ಮಗಳು ತುಂಬ ಧೈರ್ಯವಂತೆ, ಅದು ನಿನ್ನಿಂದಲೇ ಬಂದದ್ದು ಎಂದು ಯಾರೋ ಒಮ್ಮೆ ಹೊಗಳಿದಾಗ ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ.

ಮೆಟ್ರೋದ ಗೂಡಿನಲ್ಲಿ ಆ ಹುಡುಗಿ ನನ್ನ ಚೀಲವನ್ನು ನೋಡಿ ವಾಪಸು ಕೊಟ್ಟಳು. "ಏನೂ ಇಲ್ಲ, ಹೋಗಿ ಮೇಡಂ," ಎಂದಳು. ನನಗೆ ಹೊರಡಲು ಆಗಲಿಲ್ಲ. ಹಿಂದೆ ಸಾಲು ಬೆಳೆಯಿತು, ಯಾರೋ "ಸ್ವಲ್ಪ ಮುಂದೆ ಹೋಗ್ರೀ" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಪಿಳ್ಳಮ್ಮ ಈಗ ಇರಲಾರಳು. ಆ ಗುಮಾಸ್ತ, ಆ ವಕೀಲರು, ಕ್ಯಾಪ್ಟನ್ ಯಾರೂ ಇರಲಾರರು. ಹೇಳಿಕೆಯ ಕಾಗದವನ್ನು ಗೆದ್ದಲು ತಿಂದಿರಬೇಕು. ಆದರೂ ಗೆರೆ ಎಳೆದು ಖಾಲಿ ಬಿಟ್ಟ ಆ ಜಾಗವನ್ನು ಇಷ್ಟು ತಡವಾಗಿಯಾದರೂ ತುಂಬುತ್ತೇನೆ.

ಹೆಸರು ವಿಮಲಾ. ತಂದೆಯ ಹೆಸರು ಹನುಮಂತರಾವ್. ಎಂ.ಎ. ಎರಡನೇ ವರ್ಷ, ಅಪರಾಧಶಾಸ್ತ್ರ.